ಸತ್ಯಾಂಶ: ಮೂಲೆ ಬೆಳ್ಳಗಾದರೆ ತಪ್ಪು ಫ್ಲ್ಯಾಟ್‌ನದ್ದೇ?

“ಫ್ಲ್ಯಾಟ್ ಬಳಸಿದ ಮೇಲೆ ಚಿತ್ರದ ಮೂಲೆಗಳು ನಡುಭಾಗಕ್ಕಿಂತ ಬೆಳ್ಳಗೆ ಕಂಡರೆ ಫ್ಲ್ಯಾಟ್ ಕೆಟ್ಟಿದೆ, ಎಕ್ಸ್‌ಪೋಷರ್ ಬದಲಿಸಿ ಮತ್ತೆ ತೆಗೆಯಿರಿ.” ಆಕಾಶದ ಫೋಟೊ ತೆಗೆಯುವವರ ನಡುವೆ ಸುತ್ತುವ ಈ ಸಲಹೆ ಹೆಚ್ಚಿನ ಸಲ ದಾರಿ ತಪ್ಪಿಸುತ್ತದೆ. ಫ್ಲ್ಯಾಟ್ ಎಂದರೆ ಸಮನಾಗಿ ಬೆಳಗಿದ ಮೇಲ್ಮೈಯ ಚಿತ್ರ; ಮೂಲೆಗಳ ಮಬ್ಬು, ಧೂಳಿನ ನೆರಳು ಹೋಗಲಾಡಿಸಲು ಮೂಲ ಚಿತ್ರವನ್ನು ಅದರಿಂದ ಭಾಗಿಸುತ್ತಾರೆ. ದೋಷ ಸಾಮಾನ್ಯವಾಗಿ ಇರುವುದು ಕಳೆಯಲು ಮರೆತ ಒಂದು ಸಂಖ್ಯೆಯಲ್ಲಿ.

ಬೆಳಕೇ ಬೀಳದಿದ್ದರೂ ಕ್ಯಾಮೆರಾ ಸೊನ್ನೆ ತೋರಿಸುವುದಿಲ್ಲ. ಪ್ರತಿ ಪಿಕ್ಸೆಲ್‌ಗೂ ಒಂದಿಷ್ಟು ಆಫ್‌ಸೆಟ್ ಸೇರಿಸಿರುತ್ತದೆ. ಅದು 500 ಎನ್ನೋಣ. ಆಕಾಶದ ಬೆಳಕು ನಡುವೆ 1000, ಮೂಲೆಯಲ್ಲಿ 700. ಮೂಲೆಗೆ ಶೇ 70ರಷ್ಟೇ ಬೆಳಕು ತಲುಪುತ್ತಿದೆ ಎಂದು ಫ್ಲ್ಯಾಟ್ ಸರಿಯಾಗಿಯೇ ಹೇಳುತ್ತದೆ. 700ನ್ನು 0.7ರಿಂದ ಭಾಗಿಸಿದರೆ 1000, ಚಿತ್ರ ಸಮತಟ್ಟು. ಆದರೆ 500 ಕಳೆಯದೆ ಭಾಗಿಸಿ ನೋಡಿ: ನಡುವೆ 1500, ಮೂಲೆಯಲ್ಲಿ 1200 ಭಾಗಿಸು 0.7, ಅಂದರೆ ಸುಮಾರು 1714. ಮೂಲೆ ಬೆಳಗಿತು! ಪಾಪದ ಫ್ಲ್ಯಾಟ್ ಅನ್ನು ಹತ್ತು ಸಲ ತೆಗೆದರೂ ಈ ಲೆಕ್ಕ ಬದಲಾಗದು.

ಹಾಗಾಗಿ ಮೊದಲು ಡಾರ್ಕ್‌ಗಳನ್ನು, ಅಂದರೆ ಈ ಆಫ್‌ಸೆಟ್ ಕಳೆಯಲೆಂದು ಬೆಳಕು ಮುಚ್ಚಿ ತೆಗೆದ ಚಿತ್ರಗಳನ್ನು, ಪರೀಕ್ಷಿಸಿ. ಅವುಗಳ ಎಕ್ಸ್‌ಪೋಷರ್, ಗೇನ್ (ಸಂಕೇತವನ್ನು ಹಿಗ್ಗಿಸುವ ಮಟ್ಟ), ಆಫ್‌ಸೆಟ್, ತಾಪಮಾನ ಮೂಲ ಚಿತ್ರಗಳದ್ದೇ ಆಗಿರಬೇಕು. ಫ್ಲ್ಯಾಟ್‌ಗಳಿಂದಲೂ ಬಯಾಸ್ (ಬೆಳಕು ಮುಚ್ಚಿ ಅತಿ ಕಡಿಮೆ ಎಕ್ಸ್‌ಪೋಷರ್‌ನಲ್ಲಿ ತೆಗೆದ ಚಿತ್ರ) ಅಥವಾ ಡಾರ್ಕ್ ಫ್ಲ್ಯಾಟ್ (ಫ್ಲ್ಯಾಟ್‌ನಷ್ಟೇ ಎಕ್ಸ್‌ಪೋಷರ್‌ನ ಡಾರ್ಕ್) ಕಳೆಯಬೇಕು. ಅದನ್ನು ಬಿಟ್ಟರೆ ಪರಿಣಾಮ ತಿರುಗುಮುರುಗು, ಮೂಲೆಯಲ್ಲಿ ತುಸು ಕಪ್ಪು ಉಳಿಯುತ್ತದೆ.

ಫ್ಲ್ಯಾಟ್ ನಿಜವಾಗಿ ಕೈಕೊಡುವುದೂ ಉಂಟು. ಧೂಳಿನ ಕಣದ ಉಂಗುರದಂಥ ನೆರಳಿನ ಒಂದು ಅಂಚು ಬೆಳ್ಳಗೆ, ಇನ್ನೊಂದು ಕಪ್ಪಗೆ ಉಬ್ಬುಚಿತ್ರದಂತೆ ಕಂಡರೆ, ಮೂಲ ಚಿತ್ರ ಮತ್ತು ಫ್ಲ್ಯಾಟ್ ತೆಗೆಯುವುದರ ನಡುವೆ ಕ್ಯಾಮೆರಾ ತಿರುಗಿದೆ ಅಥವಾ ಧೂಳು ಜರುಗಿದೆ. ಅಂಥ ಫ್ಲ್ಯಾಟ್ ಆ ರಾತ್ರಿಯ ಚಿತ್ರಗಳಿಗೆ ಹೊಂದುವುದಿಲ್ಲ.