ಕೌದಿಯ ಹಿಂಬದಿಗೆ ನಿಮ್ಮ ಹೆಸರು ಹೊಲಿಯಿರಿ

ಮೂರು ತಿಂಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಹೊಲಿಗೆ ಮಾತ್ರ ನಡೆದೇ ಇತ್ತು. ಎರಡು ಕೌದಿ ಮುಗಿದಿವೆ, ಒಂದು ಅರ್ಧಕ್ಕೆ ಬಂದಿದೆ. ಇನ್ನೂ ಮೂರರ ಮೇಲ್ಪದರ ಜೋಡಿಸಿ ಆಗಿದೆ, ಮಡಚಿಟ್ಟ ಹಾಗೇ ಕಪಾಟಿನಲ್ಲಿವೆ. ಫೋಟೊ ಹಾಕಿ ಅಂತ ಕೆಲವರು ಕೇಳಿದ್ದಿರಿ, ಹಾಕುತ್ತೇನೆ. ಅದಕ್ಕೆ ಮುಂಚೆ ಒಂದು ವಿಷಯ ಹೇಳಬೇಕು.

ಮೊದಲು ಮುಗಿಸಿದ್ದು ಲಾಗ್ ಕ್ಯಾಬಿನ್. ನಡುವೆ ಒಂದು ಸಣ್ಣ ಚೌಕ ಇಟ್ಟು ಅದರ ಸುತ್ತ ಪಟ್ಟಿಗಳನ್ನು ಒಂದೊಂದಾಗಿ ಸೇರಿಸುತ್ತಾ ಹೋಗುವ ವಿನ್ಯಾಸ ಇದು. ಎರಡು ಬದಿಗೆ ತಿಳಿ ಬಣ್ಣ, ಉಳಿದೆರಡು ಬದಿಗೆ ಗಾಢ ಬಣ್ಣ. ಹಾಗಾಗಿ ಪ್ರತಿ ಚೌಕವೂ ಮೂಲೆಯಿಂದ ಮೂಲೆಗೆ ಅರ್ಧ ಬೆಳಕು, ಅರ್ಧ ನೆರಳು. ಚೌಕಗಳನ್ನು ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿ ಇಟ್ಟರೆ ಅದೇ 20 ಚೌಕಗಳಲ್ಲಿ ವಜ್ರದಾಕಾರ ಬರುತ್ತದೆ, ಓರೆ ಗೆರೆ ಬರುತ್ತದೆ, ಅಂಕುಡೊಂಕು ಬರುತ್ತದೆ. ನೆಲದ ಮೇಲೆ ಹರಡಿಕೊಂಡು ಒಂದಿಡೀ ಭಾನುವಾರ ಇದನ್ನೇ ಮಾಡಿದೆ. ಅಷ್ಟು ಖುಷಿ ಈ ವರ್ಷ ಬೇರೆ ಯಾವುದರಲ್ಲೂ ಸಿಕ್ಕಿಲ್ಲ.

ಆದರೆ ಶುರುವಿನಲ್ಲಿ ಸಾಕಷ್ಟು ಬಟ್ಟೆ ಹಾಳಾಯಿತು. ಜೋಡಿಸುವ ಮುಂಚೆ ಚೌಕ 11½ ಇಂಚು ಇರಬೇಕಿತ್ತು, ಬಂದದ್ದು 10¾. ಕತ್ತರಿಸಿದ್ದು ಸರಿಯಾಗಿಯೇ ಇತ್ತು. ತಪ್ಪಿದ್ದು ಹೊಲಿಗೆಯ ಅಂಚಿನಲ್ಲಿ. ಅಂಚಿಗೆ ಕಾಲು ಇಂಚು ಬಿಡಬೇಕು, ನಾನು ಅದಕ್ಕಿಂತ ಒಂದಿಂಚಿನ ಹದಿನಾರನೇ ಒಂದು ಭಾಗ ಜಾಸ್ತಿ ಬಿಡುತ್ತಿದ್ದೆ. ಕಣ್ಣಿಗೆ ಕಾಣದಷ್ಟು. ಒಂದು ಹೊಲಿಗೆಯಲ್ಲಿ ಎರಡೂ ಬಟ್ಟೆಯಿಂದ ಅಷ್ಟಷ್ಟು ಹೋಗುತ್ತದೆ, ಚೌಕದ ಅಡ್ಡಕ್ಕೆ ಆರು ಹೊಲಿಗೆ, ಲೆಕ್ಕ ಹಾಕಿ ನೋಡಿ, ಮುಕ್ಕಾಲು ಇಂಚು ಮಾಯ. ಹೊಸಬರಿಗೆ ಒಂದು ಮಾತು: ಶುರು ಮಾಡುವ ಮುಂಚೆ 1½ ಇಂಚಿನ ಮೂರು ಪಟ್ಟಿ ಉದ್ದುದ್ದಕ್ಕೆ ಜೋಡಿಸಿ, ಇಸ್ತ್ರಿ ಹಾಕಿ, ಅಗಲ ಅಳೆಯಿರಿ. ಸರಿಯಾಗಿ 3½ ಬರಬೇಕು. ಬರದಿದ್ದರೆ ಸೂಜಿಯ ಜಾಗ ಸ್ವಲ್ಪ ಸರಿಸಿ ಮತ್ತೆ ಹೊಲಿದು ನೋಡಿ. ಹತ್ತು ನಿಮಿಷದ ಕೆಲಸ, ಎರಡು ವಾರದ ಗೋಳು ತಪ್ಪುತ್ತದೆ.

ಎರಡನೆಯದು ಗೆಳತಿಗೆ ಮಾಡಿಕೊಟ್ಟದ್ದು. ಅವಳ ಅಪ್ಪ ಹೋದ ವರ್ಷ ತೀರಿಕೊಂಡರು. ಅವರ 14 ಅಂಗಿಗಳನ್ನು ತಂದುಕೊಟ್ಟು, ಇದರಲ್ಲಿ ಏನಾದರೂ ಮಾಡಿಕೊಡು ಅಂದಳು. ಮೊದಲ ಅಂಗಿಗೆ ಕತ್ತರಿ ಹಾಕಲು ನನಗೆ ನಾಲ್ಕು ದಿನ ಬೇಕಾಯಿತು. ಹೊಸ ಬಟ್ಟೆ ತಪ್ಪಿದರೆ ಇನ್ನೊಂದು ತರಬಹುದು. ಇದು ಹಾಗಲ್ಲ ಅಲ್ವಾ.

ಹಳೆಯ ಅಂಗಿ ಬಟ್ಟೆ ತೊಳೆದು ತೊಳೆದು ತೆಳ್ಳಗಾಗಿರುತ್ತದೆ, ಕತ್ತರಿಯ ಕೆಳಗೆ ಜಾರುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಮೇಲೆ ಮಾತು ಕೇಳಿತು. ಕೊರಳಪಟ್ಟಿ, ಮೊಣಕೈ ಹತ್ತಿರದ ಭಾಗ ಸವೆದಿರುತ್ತದೆ, ಅದನ್ನು ಬಿಟ್ಟೆ. ಬೆನ್ನಿನ ಭಾಗದಲ್ಲಿ ದೊಡ್ಡ ತುಂಡು ಸಿಗುತ್ತದೆ. ಗೆರೆ ಬಟ್ಟೆ ಇದ್ದರೆ ಮಾತ್ರ ಜೋಪಾನ, ಒಂದು ಎಳೆ ಓರೆಯಾದರೂ ಎದ್ದು ಕಾಣುತ್ತದೆ. ಒಂದು ಅಂಗಿಯ ಜೇಬಿನ ಹತ್ತಿರ ಶಾಯಿ ಕಲೆ ಇತ್ತು. ನಾನು ಆ ಭಾಗವನ್ನು ಪಕ್ಕಕ್ಕಿಟ್ಟಿದ್ದೆ. ಅವಳು ಬಂದು ನೋಡಿ, ಅದೇ ಬೇಕು ಅಂದಳು. ಅವರ ಪೆನ್ನು ಸೋರಿದ ದಿನ ಅವಳಿಗೆ ನೆನಪಿದೆ. ಈಗ ಆ ಜೇಬು ಶಾಯಿ ಕಲೆಯ ಸಮೇತ ಕೌದಿಯ ನಡುವೆಯೇ ಇದೆ.

ಹಿಂಬದಿಯ ಮೂಲೆಗೆ ಒಂದು ಬಿಳಿ ತುಂಡು ಹೊಲಿದು ಅದರ ಮೇಲೆ ಅಪ್ಪನ ಹೆಸರು ಕಸೂತಿ ಹಾಕಿಕೊಟ್ಟೆ. ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಆಮೇಲೆ ಕೇಳಿದಳು, "ಅಪ್ಪನ ಹೆಸರೇನೋ ಇದೆ. ನಿಂದೆಲ್ಲಿ ಕಣೇ?"

ನನ್ನ ಹೆಸರು ಯಾಕೆ, ಸುಮ್ನೆ ಇರು ಅಂದೆ. ಅವಳು ಕೌದಿಯನ್ನು ವಾಪಸ್ ನನ್ನ ಕೈಗೇ ಕೊಟ್ಟಳು. ಹೆಸರು ಹಾಕದೆ ತಗೊಂಡು ಹೋಗಲ್ಲ ಅಂತ ಕೂತಳು.

ಆ ರಾತ್ರಿ ನಮ್ಮ ಮನೆಯ ಹಳೆಯ ಕೌದಿ ತೆಗೆದು ನೋಡಿದೆ. ಐದು ಪದರ ಹಳೆ ಬಟ್ಟೆ, ಅಂಚಿನಿಂದ ಶುರುವಾಗಿ ಒಳಗೊಳಗೆ ಸುತ್ತುತ್ತಾ ನಡುವಿಗೆ ಬಂದು ನಿಲ್ಲುವ ಕೈಹೊಲಿಗೆ. ಒಂದೇ ಒಂದು ಕಡೆ ಹೊಲಿಗೆಯ ಅಳತೆ ತಪ್ಪಿಲ್ಲ. ಅಜ್ಜಿ ಹೊಲಿದದ್ದು ಅಂತ ಅಮ್ಮ ಹೇಳುತ್ತಾರೆ. ಅಲ್ಲ, ಅಜ್ಜಿಯ ಅಕ್ಕ ಹೊಲಿದದ್ದು ಅಂತ ಚಿಕ್ಕಮ್ಮ. ಕೇಳೋಣ ಅಂದರೆ ಇಬ್ಬರೂ ಇಲ್ಲ. ಅಷ್ಟು ಸಾವಿರ ಹೊಲಿಗೆ ಹಾಕಿದ ಕೈ ಯಾರದು ಅಂತ ಮನೆಯವರಿಗೇ ಗೊತ್ತಿಲ್ಲ. ನನಗೆ ಅದು ತುಂಬಾ ನೋವಾಯಿತು.

ಹ್ಯಾರಿಯೆಟ್ ಪವರ್ಸ್ ಬಗ್ಗೆ ಕೆಲವರು ಓದಿರಬಹುದು. ಅಮೆರಿಕದ ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಳಾಗಿ ಹುಟ್ಟಿದ ಹೆಣ್ಣುಮಗಳು. ಬೈಬಲ್ ಕಥೆಗಳ ಚಿತ್ರಗಳನ್ನು ಬಟ್ಟೆ ತುಂಡುಗಳಲ್ಲಿ ಕತ್ತರಿಸಿ, ಇನ್ನೊಂದು ಬಟ್ಟೆಯ ಮೇಲಿಟ್ಟು ಹೊಲಿದು ಒಂದು ಕ್ವಿಲ್ಟ್, ಅಂದರೆ ಅಲ್ಲಿನ ಕೌದಿ, ಮಾಡಿದರು. 1886ರಲ್ಲಿ ಅದು ಒಂದು ಮೇಳದಲ್ಲಿ ಪ್ರದರ್ಶನಕ್ಕೆ ಬಂತು. ಜೆನ್ನಿ ಸ್ಮಿತ್ ಅನ್ನುವ ಚಿತ್ರಕಲಾ ಶಿಕ್ಷಕಿ ನೋಡಿ ಕೊಡಿ ಅಂದರು, ಪವರ್ಸ್ ಕೊಡಲಿಲ್ಲ. ಕೆಲವು ವರ್ಷದ ಮೇಲೆ ದುಡ್ಡಿನ ಅಡಚಣೆ ಬಂದು ಐದು ಡಾಲರಿಗೆ ಅದನ್ನೇ ಮಾರಬೇಕಾಯಿತು. ಮಾರಿದ ಮೇಲೂ ಅದನ್ನು ನೋಡಲು ಹೋಗುತ್ತಿದ್ದರಂತೆ. ಅದು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಗ್ರಹದಲ್ಲಿದೆ, ಅವರ ಇನ್ನೊಂದು ಕ್ವಿಲ್ಟ್ ಬಾಸ್ಟನ್ನಿನ ಮ್ಯೂಸಿಯಂನಲ್ಲಿದೆ. ನನ್ನನ್ನು ತಟ್ಟಿದ್ದು ಇದು: ಯಾವ ಚಿತ್ರಕ್ಕೆ ಏನು ಅರ್ಥ ಅಂತ ಪವರ್ಸ್ ಬಾಯಲ್ಲಿ ಹೇಳಿದ್ದನ್ನು ಸ್ಮಿತ್ ಕೂತು ಬರೆದುಕೊಂಡರು. ಆ ಕಾಗದ ಇಲ್ಲದಿದ್ದರೆ ನಮಗೆ ಆ ಹೆಣ್ಣುಮಗಳ ಮಾತು ಸಿಗುತ್ತಿರಲಿಲ್ಲ. ಅವರ ಕಾಲದಲ್ಲೇ ಅಷ್ಟೇ ಚೆನ್ನಾಗಿ ಹೊಲಿದವರು ಇನ್ನೆಷ್ಟು ಜನರಿದ್ದರೋ. ಅವರ ಬಗ್ಗೆ ಬರೆದಿಟ್ಟವರು ಇರಲಿಲ್ಲ, ಅಷ್ಟೇ.

ಏಡ್ಸ್ ಸ್ಮಾರಕ ಕ್ವಿಲ್ಟ್ ಕೂಡ ನೆನಪಾಗುತ್ತದೆ. ಮೂರು ಅಡಿ ಅಗಲ, ಆರು ಅಡಿ ಉದ್ದದ ಬಟ್ಟೆ, ತೀರಿಹೋದ ಒಬ್ಬೊಬ್ಬರ ನೆನಪಿಗೆ ಒಂದೊಂದು. 1987ರ ಅಕ್ಟೋಬರಿನಲ್ಲಿ ಮೊದಲ ಸಲ ವಾಷಿಂಗ್ಟನ್ನಿನಲ್ಲಿ ಹಾಸಿದಾಗ 1,920 ಇದ್ದವು. ಅಲ್ಲಿ ವಿನ್ಯಾಸಕ್ಕಿಂತ ಹೆಸರೇ ಮುಖ್ಯ. ಬಟ್ಟೆಯ ಮೇಲೆ ಹೊಲಿದ ಹೆಸರಿಗೆ ಎಷ್ಟು ಶಕ್ತಿ ಇದೆ ಅಂತ ಅದನ್ನು ನೋಡಿದರೆ ತಿಳಿಯುತ್ತದೆ.

ಪ್ರೀತಿಯಿಂದ ಕೊಡುವ ವಸ್ತುವಿಗೆ ಹೆಸರು ಯಾಕೆ ಅನ್ನುವವರಿದ್ದಾರೆ. ನಾನೂ ಹಾಗೇ ಅಂದುಕೊಂಡಿದ್ದೆ. ಈಗ ಒಪ್ಪುವುದಿಲ್ಲ. ಚಿತ್ರ ಬರೆದವರು ಮೂಲೆಯಲ್ಲಿ ಸಹಿ ಹಾಕುತ್ತಾರೆ, ಅದನ್ನು ಜಂಬ ಅಂತ ಯಾರೂ ಅನ್ನುವುದಿಲ್ಲ. ಮನೆಯಲ್ಲಿ ಕೂತು ಹೊಲಿದದ್ದು ಅಂದಕೂಡಲೇ ಅದು ಕಲೆ ಅಲ್ಲ, ಸುಮ್ಮನೆ ಹೊತ್ತು ಕಳೆಯಲು ಮಾಡಿದ್ದು ಅಂತ ನಾವೇ ಒಪ್ಪಿಕೊಂಡುಬಿಡುತ್ತೇವೆ. ಇದು ನನಗೆ ಬೇಸರ ತರಿಸುತ್ತದೆ.

ಹೆಸರು ಹಾಕುವುದು ಕಷ್ಟವೇನಲ್ಲ. ತೊಳೆದು ಕುಗ್ಗಿಸಿದ ಹತ್ತಿ ಬಟ್ಟೆ ತಗೊಳ್ಳಿ. ಹೊಲಿದವರು, ಯಾರಿಗಾಗಿ, ವರ್ಷ, ಊರು, ಬಟ್ಟೆ ಎಲ್ಲಿಂದ ಬಂತು, ಹೇಗೆ ಒಗೆಯಬೇಕು, ಇಷ್ಟು ಸಾಕು. ಬಟ್ಟೆಗೆಂದೇ ಬರುವ ಪೆನ್ನಿನಲ್ಲಿ ಬರೆದು ಇಸ್ತ್ರಿ ಹಾಕಬಹುದು, ಆದರೆ ಶಾಯಿ ವರ್ಷ ಕಳೆದಂತೆ ಮಾಸುತ್ತದೆ. ದಾರದಲ್ಲಿ ಬರೆದದ್ದು ಜಾಸ್ತಿ ಬಾಳುತ್ತದೆ. ಇನ್ನೊಂದು, ಮೇಲ್ಪದರ, ನಡುವಿನ ಪದರ, ಹಿಂಬದಿ ಈ ಮೂರನ್ನೂ ಸೇರಿಸುವ ಮೊದಲೇ ಈ ತುಂಡನ್ನು ಹಿಂಬದಿಯ ಬಟ್ಟೆಗೆ ಹೊಲಿದುಬಿಡಿ. ಆಗ ಕೌದಿಯ ಹೊಲಿಗೆ ಅದರ ಮೇಲೆಯೂ ಹಾದುಹೋಗುತ್ತದೆ, ಕಿತ್ತು ಬರುವುದಿಲ್ಲ.

ಇನ್ನು ಈ ವರ್ಷ ನಾನು ಮಾಡಬೇಕು ಅಂದುಕೊಂಡಿರುವುದು. ಕಪಾಟಿನಲ್ಲಿರುವ ಮೂರನ್ನೂ ಮುಗಿಸುವವರೆಗೆ ಹೊಸ ಬಟ್ಟೆ ಕೊಳ್ಳುವುದಿಲ್ಲ. ಅದರಲ್ಲಿ ಒಂದನ್ನು ಪೂರ್ತಿ ಕೈಯಲ್ಲೇ ಹೊಲಿಯುತ್ತೇನೆ, ಅಂಚಿನಿಂದ ನಡುವಿಗೆ, ಆ ಹಳೆ ಕೌದಿಯ ಹಾಗೆ. ಈಗಾಗಲೇ ಶುರು ಮಾಡಿದ್ದೇನೆ. ನನ್ನ ಹೊಲಿಗೆ ಇಂಚಿಗೆ ಐದು ಬೀಳುತ್ತಿವೆ, ಆ ಹಳೆಯದರಲ್ಲಿ ಎಣಿಸಿದರೆ ಎಂಟು. ಬಾಗಿದ ತುಂಡುಗಳನ್ನು ಜೋಡಿಸಲು ಕಲಿಯಬೇಕು, ಉಬ್ಬಿದ ಅಂಚನ್ನು ತಗ್ಗಿದ ಅಂಚಿಗೆ ಸುಕ್ಕು ಬರದೆ ಸೇರಿಸುವುದು ಇನ್ನೂ ನನ್ನ ಕೈಗೆ ಹತ್ತಿಲ್ಲ. ಯಾರ ನಕ್ಷೆಯನ್ನೂ ನೋಡದೆ ಒಂದು ಕೌದಿ ಮಾಡಬೇಕು ಅಂತ ಬಹಳ ಆಸೆ ಇದೆ. ಅದಕ್ಕೆ ಬಣ್ಣಗಳನ್ನು ಆರಿಸಿ ಇಟ್ಟಿದ್ದೇನೆ.

ನಮ್ಮ ಮನೆಯ ಹಳೆ ಕೌದಿಗೂ ಒಂದು ತುಂಡು ಹೊಲಿಯುತ್ತೇನೆ. ಅಕ್ಕ ತಂಗಿ ಇಬ್ಬರ ಹೆಸರನ್ನೂ ಬರೆಯುತ್ತೇನೆ, ಅಮ್ಮ ಚಿಕ್ಕಮ್ಮ ಇಬ್ಬರೂ ಇದಕ್ಕೆ ಒಪ್ಪಿದ್ದಾರೆ.

ನನ್ನಿಂದ ಕೌದಿ ತಗೊಂಡವರು ಒಂಬತ್ತು ಜನ ಇದ್ದೀರಿ. ದಯವಿಟ್ಟು ಅದನ್ನು ಒಂದು ವಾರದ ಮಟ್ಟಿಗೆ ವಾಪಸ್ ಕಳಿಸಿಕೊಡಿ. ಒಗೆಯಬೇಕಾಗಿಲ್ಲ, ಹರಿದಿದ್ದರೂ ಪರವಾಗಿಲ್ಲ, ಅದನ್ನೂ ಸರಿ ಮಾಡಿಕೊಡುತ್ತೇನೆ. ಯಾವ ವರ್ಷ ಕೊಟ್ಟದ್ದು ಅಂತ ನೆನಪಿದ್ದರೆ ಒಂದು ಚೀಟಿಯಲ್ಲಿ ಬರೆದು ಒಳಗಿಡಿ.