ನಿರೂಪಕ ಹೊರಡುವ ಮುಂಚೆ ಇನ್ನೊಬ್ಬರು ತಯಾರಿರಬೇಕು

ನಮ್ಮ ಕನ್ನಡ ರಿಯಾಲಿಟಿ ಶೋಗಳಲ್ಲಿ ಮುಖ ಬದಲಿಸುವ ಮಾತು ಸಾಮಾನ್ಯವಾಗಿ ಎರಡೇ ಸಂದರ್ಭದಲ್ಲಿ ಬರುತ್ತದೆ. ಒಂದು, ಟಿಆರ್‌ಪಿ ಬಿದ್ದಾಗ. ಇನ್ನೊಂದು, ಇದ್ದವರು ಹೊರಡುತ್ತೇನೆ ಅಂದಾಗ. ಎರಡೂ ಗಾಬರಿಯ ಹೊತ್ತು. ಬ್ರಿಟನ್‌ನಲ್ಲಿ ಕೂತು ಇಲ್ಲಿನ ಶೋಗಳನ್ನೂ ಊರಿನ ಶೋಗಳನ್ನೂ ಜೊತೆಜೊತೆಗೆ ನೋಡುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಇಲ್ಲಿಯವರು ಎಡವದೆ ಇಲ್ಲ, ಚೆನ್ನಾಗಿಯೇ ಎಡವಿದ್ದಾರೆ. ಆದರೆ ಒಳ್ಳೆಯ ತಂಡಗಳು ಬದಲಾವಣೆಯನ್ನು ವರ್ಷಗಟ್ಟಲೆ ಮುಂಚೆಯೇ ಶುರು ಮಾಡಿರುತ್ತವೆ.

ಬಿಬಿಸಿಯ ನೃತ್ಯ ಸ್ಪರ್ಧೆ ‘ಸ್ಟ್ರಿಕ್ಟ್ಲಿ ಕಮ್ ಡ್ಯಾನ್ಸಿಂಗ್’ 2004ರಲ್ಲಿ ಶುರುವಾದಾಗ ನಿರೂಪಕರು ಬ್ರೂಸ್ ಫೋರ್ಸೈತ್ ಮತ್ತು ಟೆಸ್ ಡೇಲಿ. ಫೋರ್ಸೈತ್ ಆಗಲೇ ಎಪ್ಪತ್ತು ದಾಟಿದ್ದ, ಇಡೀ ದೇಶಕ್ಕೆ ಗೊತ್ತಿದ್ದ ದೊಡ್ಡ ಹೆಸರು. ಅದೇ ವರ್ಷ ಬಿಬಿಸಿ ಟೂನಲ್ಲಿ ವಾರದ ದಿನಗಳ ಸಂಜೆಗೆ ‘ಇಟ್ ಟೇಕ್ಸ್ ಟೂ’ ಎನ್ನುವ ಜೊತೆ ಕಾರ್ಯಕ್ರಮ ಶುರುವಾಯಿತು. ತಾಲೀಮಿನ ತುಣುಕು, ಸ್ಪರ್ಧಿಗಳ ಜೊತೆ ಹರಟೆ, ಅಷ್ಟೆ. ಅದನ್ನು ನಡೆಸಿಕೊಟ್ಟವರು ಕ್ಲಾಡಿಯಾ ವಿಂಕಲ್‌ಮನ್. 2010ರಲ್ಲಿ ವಯಸ್ಸಿನ ಕಾರಣಕ್ಕೆ ಫೋರ್ಸೈತ್ ಫಲಿತಾಂಶದ ಸಂಚಿಕೆ ಬಿಟ್ಟುಕೊಟ್ಟಾಗ ಆ ಜಾಗಕ್ಕೆ ಕ್ಲಾಡಿಯಾ ಬಂದರು. 2014ರಲ್ಲಿ ಫೋರ್ಸೈತ್ ವಾರದ ಹೊಣೆಯಿಂದ ಪೂರ್ತಿ ಹಿಂದೆ ಸರಿದಾಗ ಮುಖ್ಯ ವೇದಿಕೆಗೂ ಅವರೇ. ಅಷ್ಟು ಹೊತ್ತಿಗೆ ನೋಡುಗರಿಗೆ ಆಕೆ ಹತ್ತು ವರ್ಷದ ಪರಿಚಯ. ಹೊಸಬರು ಬಂದರು ಎಂದು ಯಾರಿಗೂ ಅನಿಸಲಿಲ್ಲ.

ಇದನ್ನು ನಮ್ಮ ಬಿಗ್ ಬಾಸ್ ಪಕ್ಕದಲ್ಲಿಟ್ಟು ನೋಡಿ. 2013ರಿಂದ ಸುದೀಪ್ ಒಬ್ಬರೇ. ಮೊದಲು ಈಟಿವಿ ಕನ್ನಡ, ಎರಡನೇ ಸೀಸನ್ ಸುವರ್ಣ, ಮೂರನೆಯದರಿಂದ ಕಲರ್ಸ್ ಬಳಗದ ಚಾನೆಲ್‌ಗಳು. ಚಾನೆಲ್ ಬದಲಾಯಿತು, ಮನೆ ಲೋನಾವಳದಿಂದ ಬಿಡದಿಗೆ ಬಂತು, ನಿರೂಪಕರು ಮಾತ್ರ ಬದಲಾಗಲಿಲ್ಲ. ಅದು ಅವರ ಶಕ್ತಿಯೇ, ಅದರಲ್ಲಿ ಎರಡು ಮಾತಿಲ್ಲ. ಶನಿವಾರದ ಪಂಚಾಯಿತಿಯಲ್ಲಿ ಒಬ್ಬ ಸ್ಪರ್ಧಿಯನ್ನು ಹತ್ತು ನಿಮಿಷ ನಿಲ್ಲಿಸಿ, ದನಿ ಏರಿಸದೆ, ಅವರ ತಪ್ಪನ್ನು ಅವರ ಬಾಯಲ್ಲೇ ಹೇಳಿಸುವ ಕಲೆ ಎಲ್ಲರಿಗೂ ಬರುವಂಥದ್ದಲ್ಲ. ಆದರೆ 2021ರ ಎಂಟನೇ ಸೀಸನ್‌ನಲ್ಲಿ ಅನಾರೋಗ್ಯದಿಂದ ಅವರು ಬರಲಾಗದಿದ್ದಾಗ ಆ ವೇದಿಕೆಗೆ ನಿಲ್ಲಲು ಇನ್ನೊಬ್ಬರು ಇರಲಿಲ್ಲ. ಅದೇ ವರ್ಷ ತಮಿಳಿನಲ್ಲಿ ಕಮಲ್ ಹಾಸನ್‌ಗೆ ಕೋವಿಡ್ ಬಂದಾಗ ರಮ್ಯಾ ಕೃಷ್ಣನ್ ಬಂದು ನಿಂತರು. ತೆಲುಗಿನಲ್ಲಿ ನಾಗಾರ್ಜುನ ಇಲ್ಲದ ವಾರಾಂತ್ಯವನ್ನು 2019ರಲ್ಲೂ ರಮ್ಯಾ ಅವರೇ ತೂಗಿಸಿದ್ದರು, 2020ರ ದಸರಾಕ್ಕೆ ಸಮಂತಾ ಬಂದಿದ್ದರು.

2024ರ ಅಕ್ಟೋಬರ್‌ನಲ್ಲಿ, ಹನ್ನೊಂದನೇ ಸೀಸನ್ ನಡೆಯುತ್ತಿರುವಾಗಲೇ, ಇದೇ ನನ್ನ ಕೊನೆಯ ಸೀಸನ್ ಎಂದು ಸುದೀಪ್ ಹೇಳಿದರು. ಅದೇ ತಿಂಗಳ ಕೊನೆಗೆ ಅವರು ಬರಲಾಗದ ವಾರಾಂತ್ಯವನ್ನು ಯೋಗರಾಜ್ ಭಟ್ ಮತ್ತು ಸೃಜನ್ ಲೋಕೇಶ್ ನಿಭಾಯಿಸಿದರು. ಇಬ್ಬರೂ ಅನುಭವಿಗಳೇ, ಆದರೆ ದಿಢೀರನೆ ಬಂದವರು. ಮುಂದಿನ ಎಂಟು ತಿಂಗಳು ಯಾರು ಬರುತ್ತಾರೆ ಎಂಬ ಗಾಳಿಸುದ್ದಿಯಲ್ಲೇ ಕಳೆಯಿತು. 2025ರ ಜೂನ್ ಕೊನೆಗೆ ಮತ್ತೆ ಸುದೀಪ್ ಅವರೇ ಎಂದು ಘೋಷಣೆಯಾಯಿತು. ಅಭಿಮಾನಿಗಳಿಗೆ ಖುಷಿ, ಸರಿಯೇ. ಆದರೆ ಚಾನೆಲ್‌ನವರ ಮುಂದಿದ್ದ ಪ್ರಶ್ನೆ ಬಗೆಹರಿಯಲಿಲ್ಲ, ಮುಂದಕ್ಕೆ ಹೋಯಿತು. ತಮಿಳಿನವರು ಅದೇ 2024ರಲ್ಲಿ ಏಳು ಸೀಸನ್ ನಡೆಸಿದ ಕಮಲ್ ಅವರ ಜಾಗಕ್ಕೆ ವಿಜಯ್ ಸೇತುಪತಿಯನ್ನು ತಂದು ಎಂಟನೇ ಸೀಸನ್ ಮಾಡಿದರು. ತೆಲುಗಿನವರು ಮೊದಲ ಮೂರು ಸೀಸನ್‌ನಲ್ಲಿ ಜೂನಿಯರ್ ಎನ್‌ಟಿಆರ್, ನಾನಿ, ನಾಗಾರ್ಜುನ ಎಂದು ಮೂವರನ್ನು ನೋಡಿಬಿಟ್ಟರು. ಶೋ ನಿಲ್ಲಲಿಲ್ಲ. ನಿರೂಪಕರು ಬದಲಾದರೆ ಬಿಗ್ ಬಾಸ್ ಮುಗಿಯಿತು ಎಂಬ ಭಯ ನಮ್ಮಲ್ಲಿ ಇರುವಷ್ಟು ಅಕ್ಕಪಕ್ಕದವರಲ್ಲಿ ಇಲ್ಲ.

ಹೋದವರನ್ನು ವಾಪಸ್ ಕರೆತಂದರೆ ನೋಡುಗರೂ ವಾಪಸ್ ಬರುತ್ತಾರೆ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. ಇಲ್ಲಿನ ಹಾಡಿನ ಸ್ಪರ್ಧೆ ‘ಎಕ್ಸ್ ಫ್ಯಾಕ್ಟರ್’ ನೋಡಿ. 2010ರ ಫೈನಲ್ ನೋಡಿದವರು ಸರಾಸರಿ 1.7 ಕೋಟಿ, ಬ್ರಿಟನ್‌ನಂಥ ದೇಶಕ್ಕೆ ಅದು ಅಗಾಧ ಸಂಖ್ಯೆ. ಮರುವರ್ಷ ನಾಲ್ವರು ತೀರ್ಪುಗಾರರಲ್ಲಿ ಮೂವರು ಒಟ್ಟಿಗೆ ಹೋದರು: ಸೈಮನ್ ಕೋವೆಲ್, ಷೆರಿಲ್, ಡ್ಯಾನಿ ಮಿನೋಗ್. ಉಳಿದದ್ದು ಲೂಯಿ ವಾಲ್ಶ್ ಒಬ್ಬರು. 2011ರ ಫೈನಲ್ ಸುಮಾರು 1.3 ಕೋಟಿಗೆ ಇಳಿಯಿತು. 2015ರಲ್ಲಿ ನಿರೂಪಕ ಡರ್ಮಟ್ ಓ’ಲಿಯರಿ ಹೋಗಿ ಆಲಿ ಮರ್ಸ್, ಕ್ಯಾರೊಲಿನ್ ಫ್ಲ್ಯಾಕ್ ಬಂದರು. ಒಂದೇ ವರ್ಷ. 2016ರಲ್ಲಿ ಡರ್ಮಟ್ ವಾಪಸ್, ಹಳೆಯ ತೀರ್ಪುಗಾರರೂ ವಾಪಸ್. ಆದರೂ ಇಳಿಮುಖ ನಿಲ್ಲಲಿಲ್ಲ, 2018ರ ನಂತರ ಮಾಮೂಲಿ ಸೀಸನ್ ಬರಲೇ ಇಲ್ಲ. ಮೂರು ಕುರ್ಚಿ ಒಟ್ಟಿಗೆ ಖಾಲಿಯಾದರೆ ನೋಡುಗರಿಗೆ ಅದು ಬೇರೆಯೇ ಶೋ. ಬೇರೆ ಶೋ ಅನ್ನಿಸಿದ ಮೇಲೆ ಬಿಡುವುದು ಸುಲಭ.

ಸ್ಟ್ರಿಕ್ಟ್ಲಿ ಒಂದೊಂದೇ ಕುರ್ಚಿ ಬದಲಿಸಿತು. ಲೆನ್ ಗುಡ್‌ಮನ್ 2016ರಲ್ಲಿ ಹೋದರು, 2017ಕ್ಕೆ ಶರ್ಲಿ ಬ್ಯಾಲಸ್. ಡಾರ್ಸಿ ಬಸೆಲ್ ಜಾಗಕ್ಕೆ 2019ರಲ್ಲಿ ಮೋಟ್ಸಿ ಮಬೂಸೆ. ಬ್ರೂನೊ ಟೊನಿಯೋಲಿ ಜಾಗಕ್ಕೆ 2021ರಲ್ಲಿ ಆಂಟನ್ ಡು ಬೆಕ್, ಅವರೋ ಮೊದಲ ವರ್ಷದಿಂದ ಅದೇ ಶೋನಲ್ಲಿ ಕುಣಿಯುತ್ತಿದ್ದ ವೃತ್ತಿಪರ ನೃತ್ಯಗಾರ. ಕ್ರೇಗ್ ರೆವೆಲ್ ಹಾರ್ವುಡ್ ಮಾತ್ರ ಆರಂಭದಿಂದ ಅಲ್ಲೇ. ಆ ತಂಡವೂ ಎಡವಿದ್ದುಂಟು. 2009ರಲ್ಲಿ ಅರವತ್ತು ದಾಟಿದ ನೃತ್ಯ ಸಂಯೋಜಕಿ ಆರ್ಲೀನ್ ಫಿಲಿಪ್ಸ್ ಅವರನ್ನು ತೆಗೆದು, ಎರಡು ವರ್ಷ ಹಿಂದೆ ಅದೇ ಸ್ಪರ್ಧೆ ಗೆದ್ದಿದ್ದ ಗಾಯಕಿ ಅಲೀಶಾ ಡಿಕ್ಸನ್ ಅವರನ್ನು ಕೂರಿಸಿದಾಗ ಬಿಬಿಸಿಗೆ ಸಾವಿರಾರು ದೂರು ಬಂದವು. ಗಂಡಸರು ಎಷ್ಟು ವಯಸ್ಸಾದರೂ ಕೂರಬಹುದು, ಹೆಂಗಸಿಗೆ ಮಾತ್ರ ವಯಸ್ಸು ಅಡ್ಡಿಯೇ ಎಂಬ ಆ ಪ್ರಶ್ನೆ ನ್ಯಾಯವಾದದ್ದೇ. ಇನ್ನು 2025ರ ಅಕ್ಟೋಬರ್‌ನಲ್ಲಿ ಟೆಸ್, ಕ್ಲಾಡಿಯಾ ಇಬ್ಬರೂ ಒಟ್ಟಿಗೆ ವಿದಾಯ ಹೇಳಿದ್ದು, ಆ ಶೋ ತಾನೇ ಇಷ್ಟು ವರ್ಷ ಪಾಲಿಸಿದ ಕ್ರಮವನ್ನು ಮುರಿದಂತೆ. ಒಬ್ಬರಾದರೂ ಒಂದು ವರ್ಷ ಉಳಿಯಬೇಕಿತ್ತು.

ಈಗ ಅಂಕಿಗಳ ಲೆಕ್ಕಕ್ಕೆ ಬರೋಣ, ಗೊಂದಲ ಹೆಚ್ಚಿರುವುದು ಇಲ್ಲೇ. ಭಾರತದಲ್ಲಿ ಟಿಆರ್‌ಪಿ ಲೆಕ್ಕ ಹಾಕುವ ಬಾರ್ಕ್ ಸಂಸ್ಥೆ ಆಯ್ದ ಮನೆಗಳಲ್ಲಿ ಮೀಟರ್ ಇಟ್ಟಿರುತ್ತದೆ. ಚಾನೆಲ್‌ನ ಧ್ವನಿಯಲ್ಲಿ ಕಿವಿಗೆ ಕೇಳದ ಗುರುತೊಂದನ್ನು ಬೆರೆಸಿರುತ್ತಾರೆ, ಮೀಟರ್ ಅದನ್ನು ಹಿಡಿಯುತ್ತದೆ. ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಬಟನ್, ಟಿವಿ ಮುಂದೆ ಕೂತಾಗ ಒತ್ತಬೇಕು, ಎದ್ದಾಗ ಮತ್ತೆ ಒತ್ತಬೇಕು. ಬಾರ್ಕ್‌ನ ವಾರ ಶನಿವಾರದಿಂದ ಶುಕ್ರವಾರದವರೆಗೆ, ಅಂಕಿ ಹೊರಬರುವುದು ನಂತರದ ಗುರುವಾರ. ಅಂದರೆ ಒಂದು ಶನಿವಾರ ವೈಲ್ಡ್ ಕಾರ್ಡ್ ಸ್ಪರ್ಧಿಯನ್ನು, ಅಂದರೆ ಆಟದ ನಡುವೆ ಬರುವವರನ್ನು, ಮನೆಯೊಳಗೆ ಬಿಟ್ಟರೆ, ಅದರ ಫಲ ಏನಾಯಿತು ಎಂಬ ಅಧಿಕೃತ ಅಂಕಿ ಕೈಗೆ ಸಿಗುವುದು ಹನ್ನೆರಡು ದಿನ ಕಳೆದ ಮೇಲೆ. ಅಷ್ಟರಲ್ಲಿ ಇನ್ನೊಂದು ವಾರಾಂತ್ಯ ಮುಗಿದು, ಇನ್ನೊಬ್ಬರ ಎಲಿಮಿನೇಷನ್ ಆಗಿ, ಹೊಸ ನಾಮಿನೇಷನ್ ನಡೆದಿರುತ್ತದೆ. ಟಿಆರ್‌ಪಿ ನೋಡಿ ಮನೆಯೊಳಗಿನ ಆಟ ತಿದ್ದುತ್ತೇವೆ ಎನ್ನುವವರು ಯಾವಾಗಲೂ ಒಂದು ಸುತ್ತು ಹಿಂದೆಯೇ ಇರುತ್ತಾರೆ. ಒಂದು ರಾಜ್ಯದ ಮಟ್ಟಿಗೆ ಮೀಟರ್ ಇರುವ ಮನೆಗಳು ಸೀಮಿತ, ಹಾಗಾಗಿ ಒಂದು ವಾರದ ಸಣ್ಣ ಏರಿಳಿತಕ್ಕೆ ಅರ್ಥವೇ ಇಲ್ಲ. ಮೂರು ನಾಲ್ಕು ವಾರದ ಸರಾಸರಿ ಒಂದೇ ದಿಕ್ಕಿಗೆ ಹೋದರೆ ಮಾತ್ರ ಚಿಂತಿಸಬೇಕು.

ಬ್ರಿಟನ್‌ನಲ್ಲಿ ಇದೇ ಕೆಲಸ ಮಾಡುವ ಬಾರ್ಬ್ ಸಂಸ್ಥೆ ಮರುದಿನ ಬೆಳಿಗ್ಗೆಯೇ ರಾತ್ರಿಯ ಅಂಕಿ ಕೊಡುತ್ತದೆ, ನಂತರ ಏಳು ದಿನದೊಳಗೆ ತಡವಾಗಿ ನೋಡಿದವರನ್ನೂ ಸೇರಿಸಿದ್ದು, ಆಮೇಲೆ 28 ದಿನದ್ದು. ಮರುದಿನದ ಅಂಕಿಯನ್ನೇ ಹಿಡಿದು ಕೂತವರು ‘ಬೇಕ್ ಆಫ್’ ವಿಷಯದಲ್ಲಿ ತಪ್ಪು ಲೆಕ್ಕ ಹಾಕಿದರು. ಬಿಬಿಸಿಯಲ್ಲಿ ಬೆಳೆದ ಆ ಅಡುಗೆ ಸ್ಪರ್ಧೆ 2017ರಲ್ಲಿ ಚಾನೆಲ್ ಫೋರ್‌ಗೆ ಹೋಯಿತು. ತೀರ್ಪುಗಾರ್ತಿ ಮೇರಿ ಬೆರಿ, ನಿರೂಪಕಿಯರಾದ ಮೆಲ್, ಸೂ ಮೂವರೂ ಜೊತೆಗೆ ಹೋಗಲು ಒಪ್ಪಲಿಲ್ಲ, ಇನ್ನೊಬ್ಬ ತೀರ್ಪುಗಾರ ಪಾಲ್ ಹಾಲಿವುಡ್ ಒಬ್ಬರೇ ಹೋದರು. ಹೊಸ ಚಾನೆಲ್‌ನ ಮೊದಲ ಸಂಚಿಕೆಗೆ ಮರುದಿನದ ಅಂಕಿ ಸುಮಾರು 65 ಲಕ್ಷ. ಅರ್ಧಕ್ಕಿಂತ ಹೆಚ್ಚು ಜನ ಕಳೆದುಹೋದರು ಎಂದು ಗಲಾಟೆಯಾಯಿತು. ಏಳು ದಿನದ್ದು ಸೇರಿಸಿದಾಗ ಅದೇ ಸಂಚಿಕೆ 94 ಲಕ್ಷ ದಾಟಿತ್ತು. ಹಿಂದಿನ ವರ್ಷ ಬಿಬಿಸಿಯ ಮೊದಲ ಸಂಚಿಕೆಯ ಏಳು ದಿನದ ಅಂಕಿ ಸುಮಾರು 1.35 ಕೋಟಿ. ಇಳಿಕೆ ನಿಜ, ಆದರೆ ಮೂರರಲ್ಲಿ ಒಂದು ಭಾಗದಷ್ಟು ಮಾತ್ರ. ಹೋಲಿಸುವುದಾದರೆ ಮೊದಲ ಸಂಚಿಕೆಯನ್ನು ಮೊದಲ ಸಂಚಿಕೆಗೆ, ಏಳು ದಿನದ್ದನ್ನು ಏಳು ದಿನದ್ದಕ್ಕೆ ಹೋಲಿಸಬೇಕು. ಜೊತೆಗೆ, ಲೈಸೆನ್ಸ್ ಶುಲ್ಕದಲ್ಲಿ ನಡೆಯುವ ಬಿಬಿಸಿಗೆ ದೊಡ್ಡ ಇಳಿಕೆ ಎನಿಸುವ ಸಂಖ್ಯೆ, ಜಾಹೀರಾತಿನಿಂದ ನಡೆಯುವ ಸಣ್ಣ ಚಾನೆಲ್ ಫೋರ್‌ಗೆ ಭರ್ಜರಿ ಫಸಲು. ಮೂವರು ಹೋದರೂ ಬೇಕ್ ಆಫ್ ಉಳಿದದ್ದು ಹೇಗೆ? ಅಲ್ಲಿ ಡೇರೆ, ವಾರಕ್ಕೆ ಮೂರು ಸವಾಲು, ಪರಿಚಯವಿಲ್ಲದ ಹವ್ಯಾಸಿಗಳು, ಪಾಲ್ ಕೈಕುಲುಕುವುದು, ಇವೆಲ್ಲ ಹಾಗೆಯೇ ಇದ್ದವು. ಶೋನ ತೂಕ ಚೌಕಟ್ಟಿನ ಮೇಲಿತ್ತು. ಎಕ್ಸ್ ಫ್ಯಾಕ್ಟರ್‌ನ ತೂಕ ಕುರ್ಚಿಗಳ ಮೇಲಿತ್ತು.

ನಮ್ಮಲ್ಲಿ ತೂಕವೆಲ್ಲ ಒಬ್ಬರ ಮೇಲೇ ಇದ್ದ ಶೋ ಎಂದರೆ ಈಟಿವಿಯ ‘ಎದೆ ತುಂಬಿ ಹಾಡುವೆನು’. ಎಸ್‌ಪಿಬಿ 2020ರಲ್ಲಿ ತೀರಿಕೊಂಡ ಮೇಲೆ, 2021ರಲ್ಲಿ ಕಲರ್ಸ್ ಕನ್ನಡ ಅದೇ ಹೆಸರಲ್ಲಿ ಮತ್ತೆ ಶುರು ಮಾಡಿದಾಗ ಅವರ ಜಾಗಕ್ಕೆ ಇನ್ನೊಬ್ಬರನ್ನು ಕೂರಿಸಲಿಲ್ಲ. ರಾಜೇಶ್ ಕೃಷ್ಣನ್, ವಿ. ಹರಿಕೃಷ್ಣ, ರಘು ದೀಕ್ಷಿತ್ ಮೂವರನ್ನು ಕೂರಿಸಿತು. ಅದು ಬುದ್ಧಿವಂತ ನಿರ್ಧಾರ. ಹೋಲಿಕೆಗೇ ಎಡೆ ಕೊಡಲಿಲ್ಲ.

ವೈಲ್ಡ್ ಕಾರ್ಡ್ ಬಗ್ಗೆ ನನಗೆ ತಕರಾರಿದೆ. ಆರನೇ ವಾರಕ್ಕೆ ಬಂದವರು ಐದು ವಾರದ ಸಂಚಿಕೆ ನೋಡಿ, ಹೊರಗೆ ಯಾರಿಗೆ ಒಲವಿದೆ ಎಂದು ತಿಳಿದುಕೊಂಡೇ ಬರುತ್ತಾರೆ. ಒಳಗಿದ್ದವರಿಗೆ ಆ ಅನುಕೂಲ ಇಲ್ಲ. ಹೀಗೆ ನಡುವೆ ಬಂದ ಹನುಮಂತ ಹನ್ನೊಂದನೇ ಸೀಸನ್ ಗೆದ್ದರಲ್ಲ ಎಂದು ಕೇಳಬಹುದು. ಹಾವೇರಿಯ ಆ ಹುಡುಗ ಗೆದ್ದದ್ದು ಆಟದ ಲೆಕ್ಕದಿಂದಲ್ಲ, ತನ್ನ ನಡವಳಿಕೆಯಿಂದ, ಅದನ್ನು ಒಪ್ಪುತ್ತೇನೆ. ಆದರೆ ಒಬ್ಬರ ಒಳ್ಳೆಯತನದಿಂದ ನಿಯಮ ಸರಿಯಾಗುವುದಿಲ್ಲ. ವೈಲ್ಡ್ ಕಾರ್ಡ್ ಬೇಕೇ ಬೇಕೆಂದರೆ ಮೊದಲ ಎರಡು ವಾರದೊಳಗೆ ಬರಲಿ, ಎಷ್ಟು ಜನ ಎಂಬುದನ್ನು ಗ್ರ್ಯಾಂಡ್ ಓಪನಿಂಗ್ ದಿನವೇ ಹೇಳಲಿ.

ಆ ಫಿನಾಲೆಯಲ್ಲಿ ಹೇಳಿದ ಸಂಖ್ಯೆ 5.23 ಕೋಟಿ ವೋಟ್. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಒಬ್ಬರೇ ಹಲವು ವೋಟ್ ಹಾಕಬಹುದಾದ್ದರಿಂದ ಇದು ಜನರ ಲೆಕ್ಕವಲ್ಲ, ಅಭಿಮಾನದ ತೀವ್ರತೆಯ ಲೆಕ್ಕ. ಟಿಆರ್‌ಪಿಗೂ ಇದಕ್ಕೂ ನೇರ ಸಂಬಂಧವಿಲ್ಲ. ಸ್ಟ್ರಿಕ್ಟ್ಲಿಯಲ್ಲಿ ಬಿಬಿಸಿ ವೋಟಿನ ಸಂಖ್ಯೆ ಹೇಳುವುದೇ ಇಲ್ಲ, ಆದರೆ ನಿಯಮವನ್ನು ಬಿಡಿಸಿ ಹೇಳುತ್ತದೆ. ಆನ್‌ಲೈನ್‌ನಲ್ಲಿ ಒಂದು ಖಾತೆಗೆ ಮೂರೇ ವೋಟ್. ತೀರ್ಪುಗಾರರ ಅಂಕವನ್ನೂ ಜನರ ವೋಟನ್ನೂ ರ್‍ಯಾಂಕ್ ಮಾಡಿ ಕೂಡಿಸುತ್ತಾರೆ. ನಿಯಮ ಬಯಲಲ್ಲಿದ್ದರೆ ತಪ್ಪು ಬೇಗ ಸಿಗುತ್ತದೆ ಎಂಬುದಕ್ಕೆ 2008ರ ಸೆಮಿಫೈನಲ್ ಸಾಕ್ಷಿ. ಉಳಿದಿದ್ದವರು ಮೂವರು. ರೇಚಲ್ ಸ್ಟೀವನ್ಸ್, ಲೀಸಾ ಸ್ನೋಡನ್ ತೀರ್ಪುಗಾರರ ಅಂಕದಲ್ಲಿ ಸಮ, ಹಾಗಾಗಿ ಇಬ್ಬರಿಗೂ 3 ಪಾಯಿಂಟ್. ಮೂರನೆಯವರಾದ ಟಾಮ್ ಚೇಂಬರ್ಸ್‌ಗೆ 1. ಜನರ ವೋಟಿನಲ್ಲಿ ಟಾಮ್ ಮೊದಲು ಬಂದರೂ ಮೊತ್ತ 4, ಉಳಿದಿಬ್ಬರಿಗೆ 5 ಮತ್ತು 4. ಅಂದರೆ ಎಷ್ಟು ವೋಟ್ ಬಿದ್ದರೂ ಟಾಮ್ ಕೊನೆಯ ಇಬ್ಬರಲ್ಲಿ ಇರಲೇಬೇಕು, ಆ ಇಬ್ಬರಲ್ಲಿ ಯಾರು ಹೊರಗೆ ಎಂಬುದು ತೀರ್ಪುಗಾರರ ಕೈಯಲ್ಲಿ. ಜನ ದುಡ್ಡು ಕೊಟ್ಟು ಫೋನ್ ಮಾಡುತ್ತಿದ್ದಾರೆ, ವೋಟ್ ಮಾತ್ರ ಉಪಯೋಗಕ್ಕಿಲ್ಲ. ಬಿಬಿಸಿ ಅಂದು ಯಾರನ್ನೂ ಕಳಿಸದೆ, ವೋಟುಗಳನ್ನು ಫೈನಲ್‌ಗೆ ಸೇರಿಸಿಕೊಂಡು ಮೂವರನ್ನೂ ಮುಂದಕ್ಕೆ ಬಿಟ್ಟಿತು. ಕೊನೆಗೆ ಗೆದ್ದದ್ದು ಟಾಮ್. ಸಮ ಬಂದವರ ನಂತರದವರಿಗೆ 1ರ ಬದಲು 2 ಕೊಟ್ಟಿದ್ದರೆ ಈ ಗಂಟು ಬೀಳುತ್ತಲೇ ಇರಲಿಲ್ಲ.

ಇಂಥ ಎಚ್ಚರ ಇಲ್ಲಿ ಪುಕ್ಕಟೆ ಬಂದದ್ದಲ್ಲ. 2007ರಲ್ಲಿ ಫೋನ್ ವೋಟಿಂಗ್ ಹಗರಣಗಳು ಹೊರಬಿದ್ದು, ಬೆಳಗಿನ ಟಿವಿ ನಡೆಸುತ್ತಿದ್ದ ಜಿಎಂಟಿವಿಗೆ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ 20 ಲಕ್ಷ ಪೌಂಡ್ ದಂಡ ಹಾಕಿತು. ಅದೇ ವರ್ಷ ಸೆಲೆಬ್ರಿಟಿ ಬಿಗ್ ಬ್ರದರ್‌ನಲ್ಲಿ ನಮ್ಮ ಮಂಗಳೂರು ಮೂಲದ ಶಿಲ್ಪಾ ಶೆಟ್ಟಿ ಮೇಲೆ ನಡೆದ ಜನಾಂಗೀಯ ನಿಂದನೆಗೆ 40 ಸಾವಿರಕ್ಕೂ ಹೆಚ್ಚು ದೂರು ಹೋದವು. ನೋಡುಗರ ಸಂಖ್ಯೆ ಏರಿತು, ಆದರೆ ಪ್ರಾಯೋಜಕ ಕಂಪನಿ ಹಿಂದೆ ಸರಿಯಿತು. ಜಗಳವಾಡಿಸಿದರೆ ಟಿಆರ್‌ಪಿ ಬರುತ್ತದೆ ಎನ್ನುವವರು ಈ ಎರಡನೇ ಅರ್ಧವನ್ನೂ ಓದಬೇಕು.

ಕನ್ನಡದ ಚಾನೆಲ್‌ಗಳಿಗೆ ಮಾಡಲಾಗದ್ದು ಇದರಲ್ಲಿ ಏನೂ ಇಲ್ಲ. ವಾರದ ದಿನಗಳಲ್ಲಿ ಅರ್ಧ ಗಂಟೆಯ ಜೊತೆ ಕಾರ್ಯಕ್ರಮ ಮಾಡಿ ಅಲ್ಲಿ ಇಬ್ಬರನ್ನು ಬೆಳೆಸಬೇಕು. ಮುಂದಿನ ಸೀಸನ್‌ನಿಂದ ನೂರು ದಿನದಲ್ಲಿ ಒಂದೆರಡು ಭಾನುವಾರಗಳನ್ನು ಅವರಿಗೆ ಕೊಡಬೇಕು, ಸುದೀಪ್ ಇರುವಾಗಲೇ, ಅವರ ಪಕ್ಕದಲ್ಲೇ. ಫಿನಾಲೆ ಮುಗಿದ ಮರುದಿನ ಪ್ರತಿ ವಾರ ಯಾರಿಗೆ ಶೇಕಡಾ ಎಷ್ಟು ವೋಟ್ ಬಿತ್ತು ಎಂಬ ಪಟ್ಟಿ ಬಿಡಬೇಕು. ಎಕ್ಸ್ ಫ್ಯಾಕ್ಟರ್ ಅದನ್ನು ವರ್ಷಗಳ ಕಾಲ ಮಾಡಿತು. ಹೊಸ ನಿರೂಪಕ ಬಂದ ಮೇಲೆ ಅವರು ಗೆದ್ದರೋ ಸೋತರೋ ಎಂದು ಗ್ರ್ಯಾಂಡ್ ಓಪನಿಂಗ್ ಟಿಆರ್‌ಪಿ ಹಿಡಿದು ತೀರ್ಮಾನಿಸಬಾರದು. ಅಂದು ಎಲ್ಲರೂ ಕುತೂಹಲಕ್ಕೆ ನೋಡುತ್ತಾರೆ. ಐದನೇ ವಾರದ ಶನಿವಾರದ ಅಂಕಿಯನ್ನು ಹಿಂದಿನ ಸೀಸನ್‌ನ ಐದನೇ ವಾರದ ಶನಿವಾರದ ಪಕ್ಕ ಇಡಬೇಕು, ಎರಡೂ ದಿನ ಎದುರು ಚಾನೆಲ್‌ನಲ್ಲಿ ಏನಿತ್ತು ಎಂಬುದನ್ನೂ ಬರೆದಿಟ್ಟುಕೊಳ್ಳಬೇಕು.