ಬೀಗ ಹಾಕುವ ಮೊದಲು ಒಂದು ಚೀಲ ಮಣ್ಣು ತುಂಬಿ ತೋರಿಸಿ

ಲಾಭ ಇಲ್ಲ, ಪ್ಲೇಸ್‌ಮೆಂಟ್ ಇಲ್ಲ, ಜಾಗ ಬೇರೆ ಕೆಲಸಕ್ಕೆ ಬೇಕು. ಬೌದ್ಧಿಕ ಅಸಾಮರ್ಥ್ಯ ಇರುವ ವಯಸ್ಕರು ದಿನಾ ಬಂದು ದುಡಿಯುವ ನರ್ಸರಿಯನ್ನು ಮುಚ್ಚಲು ನೋಟಿಸಿನಲ್ಲಿ ಕೊಟ್ಟಿರುವ ಕಾರಣ ಇಷ್ಟೇ. ಕೊನೆಯಲ್ಲೊಂದು ಸಮಾಧಾನ ಬೇರೆ: ಎಲ್ಲರನ್ನೂ ‘ಒಳಾಂಗಣ ಚಟುವಟಿಕೆ’ಗೆ ಕಳಿಸುತ್ತಾರಂತೆ. ಅಂದರೆ ಮೇಣದಬತ್ತಿ, ಪೇಪರ್ ಕವರ್. ವಿಚಾರಿಸಲು ಹೋದವರಿಗೆ ಸಿಕ್ಕ ಉತ್ತರ, ‘ಗಿಡಕ್ಕೆ ನೀರು ಹಾಕೋದು ತಾನೆ, ಮನೆಯಲ್ಲೇ ಹಾಕಲಿ ಬಿಡಿ.’

ಗಿಡಕ್ಕೆ ನೀರು ಹಾಕೋದು ತಾನೆ! ಒಂದು ಚೀಲ ತುಂಬುವ ಕೆಲಸವನ್ನೇ ನೋಡಿ. ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಜರಡಿ ಹಿಡಿದ ಗೊಬ್ಬರ. ‘ಪಾಲು’ ಎಂದರೆ ಇಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಹಾಗಾಗಿ ಕೆಂಪು ಮಗ್ ಮಣ್ಣಿಗೆ, ಹಳದಿ ಮಗ್ ಮರಳಿಗೆ, ಕಪ್ಪು ಮಗ್ ಗೊಬ್ಬರಕ್ಕೆ, ಮೂರೂ ಒಂದೇ ಅಳತೆಯವು. ಚೀಲದ ಬಾಯಿ ಎರಡು ಬೆರಳು ಮಡಚಬೇಕು, ತುಂಬಬೇಕು, ನೆಲಕ್ಕೆ ಎರಡು ಸಲ ಕುಟ್ಟಬೇಕು, ಮೇಲೆ ಒಂದಂಗುಲ ಖಾಲಿ ಬಿಡಬೇಕು. ಬೆರಳಿನ ಎರಡನೇ ಗೆಣ್ಣಿನವರೆಗೆ ಗುಳಿ, ಅದರಲ್ಲಿ ಸಸಿ, ಬುಡ ಒತ್ತಿ ಅರ್ಧ ಮಗ್ ನೀರು. ನಮಗೆ ಒಂದು ನಿಮಿಷದ ಕೆಲಸ. ಇವರಲ್ಲಿ ಕೆಲವರಿಗೆ ಕೈಗೆ ಕೂರಲು ಆರು ತಿಂಗಳು, ಕೆಲವರಿಗೆ ಎರಡು ವರ್ಷ.

ಕಲಿಸುವುದು ಹಿಂದಿನಿಂದ ಮುಂದಕ್ಕೆ. ಮೊದಲು ಕೊನೆಯ ಹೆಜ್ಜೆ, ಅರ್ಧ ಮಗ್ ನೀರು ಮಾತ್ರ. ಮಿಕ್ಕಿದ್ದೆಲ್ಲ ಶಿಕ್ಷಕರು ಮಾಡಿ ಕೊಡುತ್ತಾರೆ. ಮುಗಿದ ಗಿಡ ದಿನಾ ತನ್ನ ಕೈಯಿಂದಲೇ ಸಾಲಿಗೆ ಸೇರುವುದರಿಂದ ಕಲಿಯುವವರು ಬೇಸತ್ತು ಎದ್ದು ಹೋಗುವುದಿಲ್ಲ. ಅದು ಕೂತ ಮೇಲೆ ಬುಡ ಒತ್ತುವುದು, ಆಮೇಲೆ ಸಸಿ ಇಡುವುದು, ಹೀಗೆ ಒಂದೊಂದೇ ಹೆಜ್ಜೆ ಹಿಂದಕ್ಕೆ. ಮೊದಮೊದಲು ಕೈ ಮೇಲೆ ಕೈ ಇಟ್ಟು, ನಂತರ ಬೆರಳು ತೋರಿಸಿ, ನಂತರ ಬರೀ ಮಾತಿನಲ್ಲಿ, ಕೊನೆಗೆ ಸುಮ್ಮನೆ ನಿಂತು. ಮಾತೂ ಒಂದೇ ಇರಬೇಕು. ಒಬ್ಬರು ‘ನೀರು ಹಾಕು’, ಇನ್ನೊಬ್ಬರು ‘ಬಿಡು’, ಮತ್ತೊಬ್ಬರು ‘ಹುಯ್ಯಿ’ ಅಂದರೆ ಕಲಿತದ್ದು ಅಲ್ಲಿಗೇ ನಿಂತುಬಿಡುತ್ತದೆ. ಶಿಕ್ಷಕರನ್ನು ಪದೇ ಪದೇ ಬದಲಿಸಿದಾಗೆಲ್ಲ ಕೆಡುವುದು ಇಲ್ಲೇ. ಈಗ ಜಾಗ, ಕೆಲಸ, ಶಿಕ್ಷಕರು, ಮೂರನ್ನೂ ಒಂದೇ ದಿನ ಬದಲಿಸುತ್ತೀರಿ.

ಟೊಮ್ಯಾಟೊ ಸಸಿ ಎಬ್ಬಿಸುವ ಪ್ರೊಟ್ರೇ, ಅಂದರೆ ಗುಳಿಗಳಿರುವ ಪ್ಲಾಸ್ಟಿಕ್ ತಟ್ಟೆ, ಅದರ ಕಥೆಯೂ ಅಷ್ಟೇ. 98 ಗುಳಿಯ ಟ್ರೇಗೆ ಒಂದು ಕೆಜಿಗಿಂತ ತುಸು ಹೆಚ್ಚು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಗುಳಿಗೊಂದು ಬೀಜ. ಟ್ರೇಗಳನ್ನು ಒಂದರ ಮೇಲೊಂದು ಪೇರಿಸಿ ಮುಚ್ಚಿಟ್ಟರೆ ನಾಲ್ಕೈದು ದಿನದಲ್ಲಿ ಮೊಳಕೆ. ಬಿಡಿಸಲು ತಡವಾದರೆ ಸಸಿ ಬೆಳಕು ಹುಡುಕಿ ಸಣಕಲಾಗಿ ನೀಳವಾಗುತ್ತದೆ. ದಿನ ಎಣಿಸಲು ಬಾರದವರಿಗೆ ಐದು ಕಲ್ಲು. ದಿನಕ್ಕೊಂದು ತೆಗೆದು ಡಬ್ಬಿಗೆ ಹಾಕುವುದು, ಕಲ್ಲು ಮುಗಿದ ದಿನ ಹೊದಿಕೆ ತೆಗೆಯುವುದು. ಹೆಚ್ಚಾಗಿ ಆಗುವ ತಪ್ಪು ನೀರಿನದು. ಪ್ರೀತಿಗೆ ಎರಡೆರಡು ಸಲ ಹಾಕಿ ಸಸಿ ಬುಡ ಕೊಳೆತು ಮಲಗುತ್ತದೆ. ಅದಕ್ಕೇ ನೀರು ಹಾಕಿದ ಸಾಲಿಗೊಂದು ನೀಲಿ ಕಡ್ಡಿ ಚುಚ್ಚುವ ಪದ್ಧತಿ. ಕಳೆ ಕೀಳುವ ಕೆಲಸ ಮಾತ್ರ ಎಲ್ಲರಿಗೂ ಕೊಡುವಂತಿಲ್ಲ, ಸಸಿಯನ್ನೇ ಕಿತ್ತು ಕಳೆಯನ್ನು ಜೋಪಾನ ಮಾಡುವವರಿದ್ದಾರೆ. (ನೋಟಿಸು ಬರೆದವರೂ ಮಾಡಿರುವುದು ಅದನ್ನೇ.)

ಇನ್ನು ಆ ಮೇಣದಬತ್ತಿ. ಬೌದ್ಧಿಕ ಅಸಾಮರ್ಥ್ಯದ ಜೊತೆ ಮೂರ್ಛೆ ರೋಗ ಇರುವವರು ಕಡಿಮೆಯಲ್ಲ. ನರ್ಸರಿಯಲ್ಲಿ ಅದಕ್ಕೆಂದೇ ನೀರಿಗೆ ತೆರೆದ ತೊಟ್ಟಿ ಇಲ್ಲ, ಮುಚ್ಚಳ ಬಿಗಿದ ಡ್ರಮ್ಮು, ಕೆಳಗೆ ನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ಕೆಲವರಿಗೆ ಕತ್ತಿನ ಮೂಳೆಯ ಜೋಡಣೆ ಸಡಿಲ ಇರುತ್ತದೆ, ಅದಕ್ಕೆ ಯಾರ ತಲೆ ಮೇಲೂ ಬಾಂಡ್ಲಿ ಹೊರಿಸುವುದಿಲ್ಲ. ಇಷ್ಟೆಲ್ಲ ಯೋಚಿಸಿ ಕಟ್ಟಿದ ಜಾಗದಿಂದ ಎಬ್ಬಿಸಿ, ಕರಗಿದ ಬಿಸಿ ಮೇಣದ ಪಾತ್ರೆಯ ಪಕ್ಕ ಕೂರಿಸುತ್ತೀರಾ? ಪೇಪರ್ ಕವರಿನ ಮಡಿಕೆ ಒಂದು ತಪ್ಪಿದರೆ ಹಾಳೆ ಕಸಕ್ಕೆ. ಗಿಡ ಹಾಗಲ್ಲ, ಒಂದು ಹಿಡಿ ಗೊಬ್ಬರ ಹೆಚ್ಚುಕಮ್ಮಿಯಾದರೂ ತಡೆದುಕೊಳ್ಳುತ್ತದೆ. ಸದ್ದು ತಡೆಯಲಾಗದ ಆಟಿಸಂ ಇರುವವರಿಗೆ ಎದ್ದು ದೂರದ ಸಾಲಿಗೆ ಹೋಗಲು ಅಲ್ಲಿ ಜಾಗವಿದೆ. ನಾಲ್ಕು ಗೋಡೆಯೊಳಗೆ ಎಲ್ಲಿಗೆ ಹೋಗಬೇಕು?

ಲಾಭದ ಲೆಕ್ಕವಂತೂ ನಗು ತರಿಸುತ್ತದೆ. ಶಿಕ್ಷಕರ ಸಂಬಳವನ್ನು ನರ್ಸರಿಯ ಖರ್ಚಿಗೆ ಬರೆದು, ತುಳಸಿ, ದಾಸವಾಳ ಮಾರಿದ ಹಣದಿಂದ ಕಳೆದು ‘ನಷ್ಟ’ ಅನ್ನುತ್ತಾರೆ. ಶಾಲೆಯ ಮೇಷ್ಟ್ರ ಸಂಬಳವನ್ನು ಮಕ್ಕಳು ಬರೆದ ಚಿತ್ರ ಮಾರಿ ಹುಟ್ಟಿಸಿ ಅಂತ ಯಾರಾದರೂ ಹೇಳುತ್ತಾರಾ? ಅದು ತರಬೇತಿಯ ಖರ್ಚು ಸ್ವಾಮಿ.

ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಓದಿ. 31ನೇ ಕಲಮು ಉಚಿತ ಶಿಕ್ಷಣ ಕೊಡುವುದು 6ರಿಂದ 18 ವರ್ಷದವರೆಗೆ. ಹದಿನೆಂಟು ತುಂಬಿದ ಮೇಲೆ ಬದುಕು ನಿಲ್ಲುತ್ತದೆಯೇ? 19ನೇ ಕಲಮು ಬೌದ್ಧಿಕ ಅಸಾಮರ್ಥ್ಯ, ಆಟಿಸಂ ಇರುವವರಿಗೆಂದೇ ಮಾರುಕಟ್ಟೆಯ ನಂಟಿರುವ ಪ್ರತ್ಯೇಕ ಕೌಶಲ ತರಬೇತಿ ಬೇಕು ಅನ್ನುತ್ತದೆ. ಗೌರಿ ಹಬ್ಬದ ಹಿಂದಿನ ವಾರ ಗೇಟಿನಲ್ಲಿ ನಿಂತು ಗಿಡ ಕೊಳ್ಳುವವರು ಮಾರುಕಟ್ಟೆಯಲ್ಲದೆ ಇನ್ನೇನು? 37ನೇ ಕಲಮಂತೂ ಇಂಥ ಉತ್ಪಾದನಾ ಕೇಂದ್ರಗಳಿಗೆ ರಿಯಾಯಿತಿ ದರದಲ್ಲಿ ಜಾಗ ಹಂಚುವಾಗ ಶೇ. 5 ಮೀಸಲಿಡಿ ಅನ್ನುತ್ತದೆ. ಕೊಡಿ ಅನ್ನುವ ಕಾನೂನು ಇರುವಾಗ ಇರುವುದನ್ನೇ ಕಿತ್ತುಕೊಳ್ಳುತ್ತಿದ್ದೀರಿ.

ಸ್ಥಳಾಂತರ ತಪ್ಪಿದ್ದಲ್ಲ ಅನ್ನುವುದಾದರೆ ಕನಿಷ್ಠ ಮೂರು ತಿಂಗಳು ಎರಡೂ ಕಡೆ ನಡೆಸಿ. ಮೊದಲು ವಾರಕ್ಕೊಂದು ದಿನ ಹೊಸ ಜಾಗ, ಆಮೇಲೆ ಎರಡು. ಅವೇ ಮಗ್‌ಗಳು, ಅದೇ ಎತ್ತರದ ನಲ್ಲಿ, ಅವರೇ ಶಿಕ್ಷಕರು. ಬಸ್ಸಿನ ದಾರಿ ಹೊಸದಾಗಿ ಕಲಿಸಲು ಜೊತೆಗೊಬ್ಬರು. ನೋಟಿಸಿನಲ್ಲಿ ಇದರ ಸುದ್ದಿಯೇ ಇಲ್ಲ. ಒಂದು ತಾರೀಕು ಮಾತ್ರ ಇದೆ.

ಆ ತಾರೀಕಿಗೆ ಟ್ರೇಯಲ್ಲಿರುವ ಮೆಣಸಿನ ಸಸಿಗೆ ಇಪ್ಪತ್ತು ದಿನ ತುಂಬಿರುತ್ತದೆ. ನಾಟಿಗೆ ಬರಲು ಇನ್ನೂ ಹದಿನೈದು ಇಪ್ಪತ್ತು ದಿನ ನೀರು ಬೇಕು. ಬೀಗ ಹಾಕಿದ ಮೇಲೆ ನಿಮ್ಮಲ್ಲಿ ಯಾರು ಬಂದು ಹಾಕುತ್ತೀರಿ, ಹೆಸರು ಬರೆದು ಕಳಿಸಿ. ನೀಲಿ ಕಡ್ಡಿ ಚುಚ್ಚುವುದು ಹೇಗೆಂದು ನಮ್ಮವರು ತೋರಿಸಿ ಕೊಡುತ್ತಾರೆ.